ಹಾಡು ಮುಗಿದ ಮೇಲಿನ ಎರಡು ಗಂಟೆ

ದಾವಣಗೆರೆ ಕಡೆ ಸುವಾರ್ತಾ ಕೂಟ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತೂವರೆ, ಹತ್ತು. ಕೊನೆಯ ಪ್ರಾರ್ಥನೆಯಾಗಿ ಜನ ಹೊರಟುಹೋಗುತ್ತಾರೆ. ಹಾಡಿದವನ ಮೈಯ ಬಿಸಿ ಇನ್ನೂ ಆರಿರುವುದಿಲ್ಲ. ಹೊಟ್ಟೆ ಖಾಲಿ, ಜೇಬಿನಲ್ಲಿ ಕೂಟದವರು ಕೊಟ್ಟ ಕವರು. ವೈರು ಸುತ್ತುತ್ತಿರುವ ಹುಡುಗರು 'ಅಣ್ಣಾ, ಬರ್ತೀಯೇನು?' ಅನ್ನುತ್ತಾರೆ. ಕುಡಿತ ಬಿಟ್ಟು ಮತ್ತೆ ಕ್ರೈಸ್ತ ಸಭೆಯಲ್ಲಿ ಹಾಡುತ್ತಿರುವ ನಮ್ಮಂಥವರನ್ನು ಕೇಳಿದರೆ ಎಲ್ಲರೂ ಬೊಟ್ಟು ಮಾಡುವುದು ಈ ಹೊತ್ತಿನ ಕಡೆಗೇ. ಹಾಡುತ್ತಿರುವಾಗ ಯಾರೂ ಜಾರುವುದಿಲ್ಲ. ಹಾಡು ಮುಗಿದ ಮೇಲಿನ ಎರಡು ಗಂಟೆಯಲ್ಲಿ ಜಾರುತ್ತಾರೆ.

'ಕರ್ತನು ಒಂದೇ ರಾತ್ರಿಯಲ್ಲಿ ಬಿಡಿಸಿದ' ಅನ್ನುವ ಸಾಕ್ಷಿಗಳನ್ನು ನಾವು ಕೇಳಿದ್ದೇವೆ, ನಂಬುತ್ತೇವೆ ಕೂಡ. ಆದರೆ ಆ ರಾತ್ರಿ ಕಳೆದ ಮಾರನೇ ಬೆಳಿಗ್ಗೆ ಏನು ಮಾಡಬೇಕು, ಮೂರನೇ ದಿನ ಏನಾಗುತ್ತದೆ, ಮತ್ತೆ ಮೈಕು ಹಿಡಿಯುವುದು ಯಾವಾಗ ಎಂಬುದನ್ನು ಸಾಕ್ಷಿಯಲ್ಲಿ ಯಾರೂ ಹೇಳುವುದಿಲ್ಲ. ಇಲ್ಲಿ ಬರೆದಿರುವುದು ಅದನ್ನೇ.

ಮೊದಲ ಕೆಲಸ ಲೆಕ್ಕ ಒಪ್ಪಿಸುವುದು. 'ಗಂಟಲು ಬಿಡಲಿ ಅಂತ ಸ್ವಲ್ಪ ತಗೋತೀನಿ' ಅನ್ನುವುದು ಹಾಡುವವರ ಮಾತು. ಆ 'ಸ್ವಲ್ಪ'ವನ್ನು ಎಂ.ಎಲ್.ನಲ್ಲಿ ಹೇಳಬೇಕು. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಪ್ರಮಾಣ ಶೇ 42.8. ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್., ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ನೈಂಟಿ ಅಂದರೆ 90 ಎಂ.ಎಲ್., ಅದರಲ್ಲಿ 30 ಗ್ರಾಂ. ಬೆಳಿಗ್ಗೆ, ಮಧ್ಯಾಹ್ನ, ಕೂಟಕ್ಕೆ ಮುಂಚೆ ಒಂದೊಂದು ನೈಂಟಿ ಹಾಕುವವನು 90 ಗ್ರಾಂ ಕುಡಿದಿರುತ್ತಾನೆ. ಬಾರಿನಲ್ಲಿ ಕೂತು ಕುಡಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ತಾನು ಕುಡುಕನಲ್ಲ ಅಂದುಕೊಂಡಿರುತ್ತಾನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಈಗ ಟೆಟ್ರಾ ಪ್ಯಾಕ್ ಇದೆ. ಕೀಬೋರ್ಡ್ ಚೀಲದಲ್ಲಿ ಅಡಾಪ್ಟರ್ ಇಡುವ ಖಾನೆಯಲ್ಲೇ ಅದು ಕೂರುತ್ತದೆ, ಬಾಟಲಿಯ ಹಾಗೆ ಸದ್ದೂ ಮಾಡುವುದಿಲ್ಲ. ಮನೆಯವರು ಹುಡುಕುವುದಾದರೆ ಅಲ್ಲಿ ಹುಡುಕಲಿ.

ವೈದ್ಯರಿಗೆ ಬೇಕಾದ ವಿವರ ಹೆಚ್ಚೇನಿಲ್ಲ. ದಿನಕ್ಕೆ ಎಷ್ಟು, ಕೊನೆಯ ಗುಟುಕು ಎಷ್ಟು ಹೊತ್ತಿಗೆ, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ನಿದ್ದೆ ಮಾತ್ರೆಯ ಅಭ್ಯಾಸ ಇದೆಯೇ. ಇವಕ್ಕೆ ನಿಜ ಹೇಳಿದರೆ ಅರ್ಧ ಕೆಲಸ ಆದಂತೆ. ಸಭಾಪಾಲಕರು ಪಕ್ಕದಲ್ಲಿ ಕೂತರೆ ಹಾಡುಗಾರ ನಿಜ ಹೇಳುವುದಿಲ್ಲ, ಕ್ವಾರ್ಟರ್ ಇದ್ದದ್ದು ನೈಂಟಿ ಆಗುತ್ತದೆ. ಅಯ್ಯನವರು ಜೊತೆಗೆ ಬರಲಿ, ಆದರೆ ಹೊರಗಿನ ಬೆಂಚಿನಲ್ಲಿ ಕೂತಿರಲಿ.

ಬೆಳಿಗ್ಗೆ ನಡುಕ ಬಂದು, ಒಂದು ಗುಟುಕು ಬಿದ್ದ ಮೇಲೇ ಅದು ನಿಲ್ಲುವಂಥವರು ಮನೆಯಲ್ಲಿ ತಟ್ಟನೆ ಬಿಡಲೇಬಾರದು. ಎಷ್ಟೇ ದೊಡ್ಡ ಪ್ರಾರ್ಥನಾ ಕೂಟದಲ್ಲಿ ತೀರ್ಮಾನ ಮಾಡಿ ಬಂದಿದ್ದರೂ ಬಿಡಬಾರದು. ಕೊನೆಯ ಗುಟುಕಿನಿಂದ 6-8 ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಇದೆಲ್ಲಕ್ಕಿಂತ ಅಪಾಯದ್ದು 48ರಿಂದ 96ನೇ ಗಂಟೆಯ ನಡುವೆ ಬರುವ ಸನ್ನಿ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತದೆ, ತಾನೆಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ, ಮೈ ಕಾದಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಇದನ್ನು ದುರಾತ್ಮದ ಕಾಟ ಅಂದುಕೊಂಡು ತಲೆಯ ಮೇಲೆ ಕೈಯಿಟ್ಟು ರಾತ್ರಿಯಿಡೀ ಪ್ರಾರ್ಥಿಸುತ್ತ ಕೂತರೆ ಜೀವ ಹೋಗಬಹುದು. ಮೊದಲು 108ಕ್ಕೆ ಫೋನ್ ಮಾಡಿ, ಪ್ರಾರ್ಥನೆಯನ್ನು ಆಂಬ್ಯುಲೆನ್ಸ್ ಒಳಗೆ ಮುಂದುವರಿಸಿ. ಕೆಲವು ಕಡೆ ಇಂಥ ಹೊತ್ತಿನಲ್ಲಿ ಕೈಕಾಲಿಗೆ ಸರಪಳಿ ಹಾಕುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಸಂಪೂರ್ಣ ನಿಷೇಧಿಸಿದೆ, ಮತ್ತು ಈ ಕಾಯ್ದೆಯ ವ್ಯಾಪ್ತಿಯಲ್ಲಿ ಕುಡಿತದಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ.

ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ತಾಲ್ಲೂಕಿನವರು ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ವೈದ್ಯರ ಚೀಟಿಯಲ್ಲಿ ಏನಿರುತ್ತದೆ ಎಂದು ತಿಳಿದಿದ್ದರೆ ಹೆದರಿಕೆ ಕಡಿಮೆ. ನಡುಕ ಮತ್ತು ಫಿಟ್ಸ್ ತಡೆಯಲು ಕ್ಲೋರ್‌ಡಯಾಜಿಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಅದರ ಬದಲು ಲೋರಾಜಿಪಾಮ್. ಮೊದಲ ದಿನ ಹೆಚ್ಚು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತ ಒಂದು ವಾರ, ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. 'ಇದರಿಂದ ಚೆನ್ನಾಗಿ ನಿದ್ದೆ ಬಂತು' ಅಂತ ಹಳೇ ಚೀಟಿ ಹಿಡಿದು ಅಂಗಡಿಯಲ್ಲಿ ಮತ್ತೆ ತಗೊಂಡರೆ ಒಂದು ಚಟ ಹೋಗಿ ಇನ್ನೊಂದು ಬಂತು. ಜೊತೆಗೆ ಥಯಮಿನ್ ಇರುತ್ತದೆ, ಅಂದರೆ ಬಿ1 ವಿಟಮಿನ್. ಇದರ ಬಗ್ಗೆ ಒಂದು ಎಚ್ಚರಿಕೆ. ಸುಸ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಹೋಗಿ 'ಒಂದು ಬಾಟ್ಲಿ ಗ್ಲೂಕೋಸ್ ಹಾಕಿ' ಅನ್ನುವುದು ನಮ್ಮ ಜನರ ರೂಢಿ. ವರ್ಷಗಟ್ಟಲೆ ಕುಡಿದ ಮೈಯಲ್ಲಿ ಬಿ1 ಬರಿದಾಗಿರುತ್ತದೆ. ಅಂಥವರಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು ಕಣ್ಣಿನ ಚಲನೆ, ನಡಿಗೆ, ನೆನಪು ಕೆಡಬಹುದು. ಹಾಡುವವನಿಗೆ ನೆನಪು ಹೋಯಿತು ಅಂದರೆ ಸಾಹಿತ್ಯ ಹೋಯಿತು. 'ನಾನು ಕುಡಿಯುತ್ತಿದ್ದವನು, ಮೊದಲು ಥಯಮಿನ್ ಕೊಡಿ' ಅನ್ನುವ ಒಂದು ಮಾತನ್ನು ಮನೆಯವರು ಬಾಯಿಪಾಠ ಮಾಡಿಕೊಂಡಿರಬೇಕು.

ಇದೇ ಕಾರಣಕ್ಕೆ ಬಿಟ್ಟ ಮೊದಲ ವಾರಗಳಲ್ಲಿ ಉಪವಾಸ ಪ್ರಾರ್ಥನೆ ಬೇಡ. ನೀರೂ ಮುಟ್ಟದ ಮೂರು ದಿನದ ಉಪವಾಸವಂತೂ ಬೇಡವೇ ಬೇಡ. ಉಪವಾಸ ಮಾಡಲೇಬೇಕು ಎಂಬ ಭಾರ ಸಭೆಗಿದ್ದರೆ ಅವನ ಹೆಸರಿನಲ್ಲಿ ಬೇರೆಯವರು ಮಾಡಲಿ. ಅವನಿಗೆ ಮೂರು ಹೊತ್ತು ಊಟ, ಕೈಗೆ ಸಿಗುವ ಕಡೆ ನೀರು, ಮಧ್ಯೆ ಬಾಳೆಹಣ್ಣು, ಬೆಲ್ಲ. ಬಿಟ್ಟವರಿಗೆ ಸಿಹಿಯ ಆಸೆ ವಿಪರೀತ, ಮೊದಲ ತಿಂಗಳು ಅದನ್ನು ತಡೆಯಬೇಡಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಲಿ.

ಮುಂದಿನ ಹಂತದಲ್ಲಿ ಕುಡಿಯುವ ಹಂಬಲ ತಗ್ಗಿಸಲು ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಕೊಡುತ್ತಾರೆ. ಕೆಲವರಿಗೆ ಡೈಸಲ್ಫಿರಾಂ. ಹಾಡುವ ವಿಶ್ವಾಸಿಗಳು ಈ ಕೊನೆಯದರ ವಿಷಯ ಸರಿಯಾಗಿ ತಿಳಿದಿರಬೇಕು. ಇದನ್ನು ನುಂಗುತ್ತಿರುವಾಗ ಹನಿ ಮದ್ಯ ಹೊಟ್ಟೆಗೆ ಬಿದ್ದರೂ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗುವ ಸಾಧ್ಯತೆ ಇದೆ. 'ಸಾರಿನಲ್ಲಿ ಕಲಸಿ ಕೊಡಿ, ಗೊತ್ತಾಗಲ್ಲ' ಎಂದು ಹೆಂಡತಿಗೋ ಅಮ್ಮನಿಗೋ ಸಲಹೆ ಕೊಡುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ಹೃದಯದ ತೊಂದರೆ ಇದ್ದವನು ಅದರಿಂದ ಸತ್ತೇ ಹೋಗಬಹುದು. ತಿಳಿದು, ಒಪ್ಪಿ ನುಂಗಿದರೆ ಮಾತ್ರ ಅದು ಔಷಧಿ.

ಅದರ ಜೊತೆಗೆ ಗಂಟಲಿನ ಔಷಧಿಗಳನ್ನೂ ನೋಡಿಕೊಳ್ಳಬೇಕು. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ ಆಲ್ಕೋಹಾಲ್ ಇದೆ. ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟದಂಥ ಎಲ್ಲ ಅರಿಷ್ಟಗಳಲ್ಲೂ ಹುಳಿಯುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. 'ಸ್ವರಕ್ಕೆ ಒಳ್ಳೇದು' ಎಂದು ಕುಡಿಯುವ ಟಾನಿಕ್ಕಿನಿಂದ ಮತ್ತೆ ಶುರುವಾದದ್ದುಂಟು.

ಇನ್ನು ಕರ್ತನ ಮೇಜು, ಅಂದರೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಇದನ್ನು ಮುಜುಗರಪಡದೆ ಮೊದಲೇ ಸಭಾಪಾಲಕರ ಹತ್ತಿರ ಮಾತಾಡಬೇಕು. ಹುದುಗಿಸದ ದ್ರಾಕ್ಷಿಯ ರಸ ಬಳಸುವ ಸಭೆಗಳು ಬಹಳ ಇವೆ, ಅಲ್ಲಿ ತೊಂದರೆಯಿಲ್ಲ. ಆದರೂ ಆ ದಿನದ ಬಾಟಲಿ ಯಾವುದು ಎಂದು ಕೇಳಿಕೊಳ್ಳಿ. ಹುದುಗಿದ ದ್ರಾಕ್ಷಾರಸ ಬಳಸುವ ಕಡೆ ರೊಟ್ಟಿಯನ್ನು ಅದರಲ್ಲಿ ಅದ್ದಿ ಕೊಟ್ಟರೂ ಹನಿ ಹೊಟ್ಟೆಗೆ ಹೋಗುತ್ತದೆ. ಕಥೋಲಿಕ ಸಭೆಯ ಬೋಧನೆಯ ಪ್ರಕಾರ ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಪ್ರಸಾದ ಪೂರ್ಣವೇ. ಪೌಲನು ತಿಮೊಥೆಯನಿಗೆ ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ ವಚನವನ್ನು ಯಾರಾದರೂ ತೆಗೆದೇ ತೆಗೆಯುತ್ತಾರೆ. ಅದು ಹೊಟ್ಟೆನೋವಿನವನಿಗೆ ಬರೆದ ಮಾತು, ಕುಡಿತದಿಂದ ಎದ್ದು ಬಂದವನಿಗೆ ಬರೆದದ್ದಲ್ಲ.

ಗಂಟಲಿನ ವಿಷಯಕ್ಕೆ ಬರೋಣ, ಹಾಡುವವನ ಒಳಗಿನ ಹೆದರಿಕೆಯೆಲ್ಲ ಇಲ್ಲೇ ಇರುವುದು. 'ಬಿಟ್ಟರೆ ಸ್ವರ ಹೋಗುತ್ತದೆ' ಅನ್ನುವುದು ಸುಳ್ಳು, ಆದರೆ ಆ ಸುಳ್ಳು ಹುಟ್ಟುವುದಕ್ಕೆ ಕಾರಣ ಇದೆ. ಕುಡಿದಾಗ ಸಂಕೋಚ ಕಳೆಯುತ್ತದೆ, ಸ್ವರ ತೆರೆದಂತೆ ಅನಿಸುತ್ತದೆ. ಶ್ರುತಿ ತಪ್ಪಿದ್ದು ಮಾತ್ರ ತನಗೆ ಕೇಳಿಸುವುದಿಲ್ಲ. ಬಿಟ್ಟ ಮೇಲೆ ಕಿವಿ ಮೊದಲು ಸರಿಯಾಗುತ್ತದೆ, ಗಂಟಲು ಆಮೇಲೆ. ಈ ನಡುವಿನ ವಾರಗಳಲ್ಲಿ ತನ್ನ ಸ್ವರದ ಒಡಕು ತನಗೇ ಕೇಳಿಸಿ 'ಕುಡಿಯುವಾಗಲೇ ಚೆನ್ನಾಗಿತ್ತು' ಅನಿಸುತ್ತದೆ. ಹಳೆಯ ರೆಕಾರ್ಡಿಂಗ್ ಒಂದನ್ನು ತಣ್ಣಗೆ ಕೂತು ಕೇಳಿದರೆ ಸತ್ಯ ಗೊತ್ತಾಗುತ್ತದೆ.

ಮೊದಲ ಎರಡು ವಾರ ಉಸಿರಿನಲ್ಲೇ ನಡುಕ ಇರುತ್ತದೆ, ಉದ್ದದ ಸ್ವರ ನಿಲ್ಲುವುದಿಲ್ಲ. ಹಾಡಬೇಡಿ. ಬಾಯಿ ಮುಚ್ಚಿ ಗುನುಗುವುದು ಸಾಕು, ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಮೂರನೇ ವಾರದಿಂದ ಮಂದ್ರದ ಪ ದಿಂದ ಮಧ್ಯದ ಪ ವರೆಗೆ. ಮುಂಚೆ ಡಿ ಸ್ಕೇಲಿನಲ್ಲಿ ಹಾಡುತ್ತಿದ್ದವರು ಕೀಬೋರ್ಡಿನ ಟ್ರಾನ್ಸ್‌ಪೋಸ್ ಮೈನಸ್ 2ಕ್ಕೆ ಇಳಿಸಿ ಸಿ ಯಲ್ಲಿ ಹಾಡಲಿ, ಎರಡು ತಿಂಗಳು ಅಲ್ಲೇ ಇರಲಿ. ಬೆಳಿಗ್ಗೆ ಗಂಟಲು ಕಟ್ಟುವುದು ಹೆಚ್ಚಾಗಿ ಹುಳಿತೇಗಿನಿಂದ, ಅಂದರೆ ರಾತ್ರಿ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆಯನ್ನು ಸುಡುವುದರಿಂದ. ಕುಡಿತ ಇದನ್ನು ಬೆಳೆಸಿರುತ್ತದೆ, ರಾತ್ರಿ ಹತ್ತರ ಮಿರ್ಚಿ-ಮಂಡಕ್ಕಿ ಮುಂದುವರಿಸುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆ ಬಿಡಬೇಕು. ಕೂಟದ ದಿನ ಅದು ಆಗದಿದ್ದರೆ ಊಟವನ್ನೇ ಕೂಟಕ್ಕೆ ಮುಂಚೆ ಮುಗಿಸಿ, ಆಮೇಲೆ ಹಗುರಾಗಿ ಏನಾದರೂ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಆರು ಇಂಚು ಎತ್ತರಿಸಿದರೆ ಬಹಳ ವ್ಯತ್ಯಾಸವಾಗುತ್ತದೆ. ಮೂರು ವಾರ ಕಳೆದರೂ ಸ್ವರ ಒಡಕಾಗಿಯೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರು ಧ್ವನಿತಂತುಗಳನ್ನು ನೋಡಲೇಬೇಕು.

ಗುಟ್ಕಾ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು, ಈಗ ಪಾನ್ ಮಸಾಲ ಒಂದು ಚೀಟು, ತಂಬಾಕು ಒಂದು ಚೀಟು ಕೊಂಡು ಅಂಗೈಯಲ್ಲಿ ಬೆರೆಸುತ್ತಾರೆ. ಕುಡಿತ ಬಿಟ್ಟವರಲ್ಲಿ ಇದು ಎರಡು ಪಟ್ಟಾಗುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ನಮ್ಮದು ಅಡಿಕೆ ಸೀಮೆ, ಚನ್ನಗಿರಿಯಿಂದ ಭೀಮಸಮುದ್ರದವರೆಗೆ, ಹಾಗಾಗಿ 'ತಂಬಾಕು ಬಿಟ್ಟಿದ್ದೀನಿ, ಬರೀ ಅಡಿಕೆ' ಅನ್ನುವುದು ತಪ್ಪೆಂದೇ ಯಾರಿಗೂ ತೋರುವುದಿಲ್ಲ. ಬರೀ ಅಡಿಕೆಯೇ ಕೆನ್ನೆಯ ಒಳಪದರವನ್ನು ನಾರಿನಂತೆ ಗಟ್ಟಿ ಮಾಡಿ ಬಾಯಿ ತೆರೆಯದಂತೆ ಮಾಡುತ್ತದೆ, ಮುಂದೆ ಕ್ಯಾನ್ಸರಿಗೂ ದಾರಿಯಾಗುತ್ತದೆ. ನಿಮ್ಮದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲಿನ ನಡುವೆ ಇಟ್ಟು ನೋಡಿ. ಹೋಗದಿದ್ದರೆ, ಇಲ್ಲವೇ ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಇದೇ ವಾರ ಬಾಪೂಜಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ತೋರಿಸಿ. ಕಳೆದುಹೋದ ಬಾಯಗಲ ಪೂರ್ತಿಯಾಗಿ ಮರಳುವುದು ಕಷ್ಟ. 'ಆ' ಕಾರ ತೆರೆಯದ ಬಾಯಲ್ಲಿ 'ಹಲ್ಲೆಲೂಯ' ಕೂಡ ಪೂರ್ತಿ ಬರುವುದಿಲ್ಲ.

ಮೈಕಿನಿಂದ ಇಳಿಸುವುದು ಹೇಗೆ? ಸಭೆಗಳು ತಪ್ಪುವುದು ಇಲ್ಲೇ. ಒಂದೋ ಶಿಕ್ಷೆಯ ಹಾಗೆ ಎಲ್ಲರೆದುರು ಇಳಿಸುತ್ತಾರೆ, ಇಲ್ಲವೇ ಮಾನಸಾಂತರ ಆದ ಮುಂದಿನ ಭಾನುವಾರವೇ ಮತ್ತೆ ಹತ್ತಿಸುತ್ತಾರೆ. ಎರಡೂ ಕೆಡಿಸುತ್ತವೆ. ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ 18ನೇ ವಚನ ಮದ್ಯ ಕುಡಿದು ಮತ್ತರಾಗಬೇಡಿ ಅನ್ನುತ್ತದೆ. ಅದಕ್ಕೆ ಅಂಟಿಕೊಂಡೇ 19ನೇ ವಚನ ಕೀರ್ತನೆಗಳಿಂದ, ಆತ್ಮಸಂಬಂಧವಾದ ಹಾಡುಗಳಿಂದ ಒಬ್ಬರ ಸಂಗಡಲೊಬ್ಬರು ಮಾತಾಡಿಕೊಳ್ಳಿ ಅನ್ನುತ್ತದೆ. ಕುಡಿತದ ಜಾಗಕ್ಕೆ ಹಾಡನ್ನೇ ಇಟ್ಟಿದೆ ವಾಕ್ಯ. ಆದರೆ ಆ ಹಾಡು ವೇದಿಕೆಯಿಂದ ಜನರ ಕಡೆಗೆ ಹೋಗುವ ಹಾಡಲ್ಲ, ಒಬ್ಬರ ಪಕ್ಕ ಒಬ್ಬರು ನಿಂತು ಹಾಡುವ ಹಾಡು. ಹಾಗಾಗಿ ನಾವು ಪಾಲಿಸುವುದು ಹೀಗೆ. ಮೊದಲ ಮೂರು ತಿಂಗಳು ಬೆಂಚಿನಲ್ಲಿ, ಎಲ್ಲರ ಜೊತೆ, ಮೈಕಿಲ್ಲದೆ. ಆಮೇಲೆ ಮೂರು ತಿಂಗಳು ಗಾಯನ ವೃಂದದ ಹಿಂದಿನ ಸಾಲಿನಲ್ಲಿ, ಅಭ್ಯಾಸಕ್ಕೆ ತಪ್ಪದೆ ಬರುವ ಷರತ್ತಿನ ಮೇಲೆ. ಒಂಟಿ ಹಾಡು ಆರು ತಿಂಗಳ ನಂತರ, ಅದೂ ನಮ್ಮದೇ ಸಭೆಯಲ್ಲಿ, ಹಗಲು ಹೊತ್ತು. ಹೊರಗಿನ ರಾತ್ರಿ ಕೂಟಗಳು ವರ್ಷ ತುಂಬಿದ ಮೇಲೆ. ಬೆಂಚಿನಲ್ಲಿ ಕೂತ ಆ ಮೂರು ತಿಂಗಳು ಎಷ್ಟು ಕಷ್ಟ ಅಂದರೆ, ಹೆಚ್ಚಿನವರು ಸಭೆಯನ್ನೇ ಬದಲಿಸಲು ನೋಡುತ್ತಾರೆ. ಬೇರೆ ಸಭೆಯವರು ಒಳ್ಳೆಯ ಕಂಠ ಸಿಕ್ಕಿತೆಂದು ಮರುವಾರವೇ ಮೈಕು ಕೊಡುತ್ತಾರೆ. ಎರಡೂ ಕಡೆಯ ಪಾಲಕರು ಒಂದು ಫೋನ್ ಮಾಡಿಕೊಂಡರೆ ಒಬ್ಬ ಮನುಷ್ಯ ಉಳಿಯುತ್ತಾನೆ.

ಸಾಕ್ಷಿಗೂ ಇದೇ ಮಾತು. ವರ್ಷ ತುಂಬುವ ಮುಂಚೆ ಸಾಕ್ಷಿ ಹೇಳಿಸಬೇಡಿ. ಮೊದಲ ಸಲ ಹೇಳುವಾಗ ಒಂದು ಕ್ವಾರ್ಟರ್ ಇದ್ದದ್ದು ಐದನೇ ಸಲ ಮೂರು ಬಾಟಲಿಯಾಗುತ್ತದೆ, ಏಕೆಂದರೆ ಜನ ಆ ಭಾಗಕ್ಕೇ ಕಿವಿಗೊಡುತ್ತಾರೆ. ಕುಡಿತವನ್ನು ವರ್ಣಿಸುತ್ತ ನಾಲಿಗೆಯಲ್ಲಿ ಅದರ ರುಚಿ ಏಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಸಾಕ್ಷಿ ಹೇಳಿದವನು ಮತ್ತೆ ಜಾರಿದರೆ ಬಾಯಿ ಬಿಡಲಾರ. ಅಡಗಿಸುತ್ತಾನೆ, ಅಡಗಿಸಿದ್ದು ಬೆಳೆಯುತ್ತದೆ. ಯಾಕೋಬನ ಪತ್ರ 5:16ರಲ್ಲಿ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎಂದಿದೆ. ಒಬ್ಬರಿಗೊಬ್ಬರು, ಐನೂರು ಜನರಿಗಲ್ಲ. ಆ ಒಬ್ಬರು ಸಿಗದಿದ್ದರೆ ಹತ್ತಿರದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋಗಿ, ಅದು ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಬಳಗ. ಅಲ್ಲಿ ಯೇಸುವಿನ ಹೆಸರಿಲ್ಲ, 'ನಾವು ಅರ್ಥ ಮಾಡಿಕೊಂಡಂಥ ದೇವರು' ಅನ್ನುತ್ತಾರೆ ಎಂದು ಕೆಲವು ವಿಶ್ವಾಸಿಗಳು ಹಿಂಜರಿಯುತ್ತಾರೆ. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಅದು ಶುರುವಾದಾಗ ಅದರ ಬೇರು ಇದ್ದದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲೇ. ಹಾಡುಗಾರನಿಗೆ ಅಲ್ಲಿ ಇನ್ನೊಂದು ಅನುಕೂಲ ಇದೆ. ಅಲ್ಲಿ ಯಾರೂ ಹಾಡಲು ಹೇಳುವುದಿಲ್ಲ.

ಹಂಬಲ ಬಂದಾಗ ಏನು ಮಾಡಬೇಕು? ಅದು ಅಲೆಯ ಹಾಗೆ ಏರಿ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಆ ಅರ್ಧ ಗಂಟೆ ದಾಟಿಸಲು ನಮಗೆ ಹಿಡಿಸಿದ್ದು 136ನೇ ಕೀರ್ತನೆ. ಅದರಲ್ಲಿ 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಪಲ್ಲವಿ. ಮೂಗಿನಲ್ಲಿ ಉಸಿರೆಳೆದು, ಪಲ್ಲವಿಯನ್ನು ಒಂದೇ ಉಸಿರಿಗೆ, ಒಂದೇ ಸ್ವರದಲ್ಲಿ, ಆದಷ್ಟು ನಿಧಾನ ಬಿಡುತ್ತ ಹೇಳಬೇಕು. ವಚನಕ್ಕೆ 20 ಸೆಕೆಂಡ್ ಹಿಡಿದರೂ ಒಂದು ಸುತ್ತಿಗೆ ಒಂಬತ್ತು ನಿಮಿಷ ಆಗುತ್ತದೆ. ಎರಡು ಸುತ್ತು ಮುಗಿಸಿ ಒಂದು ಚೊಂಬು ನೀರು ಕುಡಿಯುವ ಹೊತ್ತಿಗೆ ಅಲೆ ಇಳಿದಿರುತ್ತದೆ. ಇಳಿಯದಿದ್ದರೆ ಹಸಿವಾಗಿದೆಯೇ, ಸಿಟ್ಟು ಬಂದಿದೆಯೇ, ಒಂಟಿಯಾಗಿದ್ದೀರೇ, ದಣಿದಿದ್ದೀರೇ ನೋಡಿ, ಅದಕ್ಕೆ ಪರಿಹಾರ ಮಾಡಿ, ಫೋನ್ ಎತ್ತಿ.

ಸಾಲದ ಪುಸ್ತಕ ಒಂದು ಇಡಬೇಕು. ಮುಂಗಡ ತಗೊಂಡು ಹೋಗದ ಕೂಟಗಳು, ಸೌಂಡ್ ಸಿಸ್ಟಮ್‌ನವರ ಬಾಕಿ, ಗಿರವಿಗೆ ಹೋದ ಹಾರ್ಮೋನಿಯಂ, ಹೆಂಡತಿಯ ಬಳೆ. ಬೈಬಲಿನ ಸುಂಕದವ ಜಕ್ಕಾಯನು ಅನ್ಯಾಯವಾಗಿ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ನಮ್ಮವರಿಗೆ ತಿಂಗಳಿಗೆ 500 ರೂಪಾಯಿಯಂತೆ ಅಸಲು ತೀರಿಸುವುದೇ ದೊಡ್ಡದು, ಆದರೆ ತಪ್ಪದೆ ಕೊಡಬೇಕು. ಮನೆಯವಳಿಗೆ 'ಕ್ಷಮಿಸಮ್ಮ, ಅವನೀಗ ಹೊಸ ಸೃಷ್ಟಿ' ಎಂದು ಒತ್ತಾಯ ಮಾಡಬೇಡಿ. ಹತ್ತು ವರ್ಷ ಹೆದರಿದವಳಿಗೆ ಬಾಗಿಲ ಸದ್ದಿಗೆ ಎದೆ ಝಲ್ಲೆನ್ನುವುದು ಹತ್ತು ದಿನಕ್ಕೆ ನಿಲ್ಲುವುದಿಲ್ಲ. ಅವಳ ಹೊತ್ತು ಅವಳಿಗೆ ಬಿಡಿ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನಗಳಿವೆ. ಹರಿಹರದ ಆರೋಗ್ಯಮಾತೆಯ ಹಬ್ಬ ಸೆಪ್ಟೆಂಬರ್ 8ಕ್ಕೆ, ಅದಕ್ಕೆ ಮುಂಚಿನ ನವೇನ ಪ್ರಾರ್ಥನೆ ಒಂಬತ್ತು ದಿನ. ಡಿಸೆಂಬರಿನಲ್ಲಿ ಮನೆಮನೆಯ ಕ್ಯಾರೋಲ್, ಅಲ್ಲಿ ಪ್ರೀತಿಯಿಂದ ಕೊಡುವ ಮನೆಯ ವೈನು, ರಮ್ಮಿನಲ್ಲಿ ನೆನೆಸಿದ ಒಣಹಣ್ಣಿನ ಕೇಕು. 'ನಂಗೆ ಮಾತ್ರೆ ನಡೀತಿದೆ ಆಂಟಿ, ಟೀ ಕೊಡಿ' ಅಂದರೆ ಸಾಕು, ವಿವರಿಸಬೇಕಿಲ್ಲ. 31ರ ರಾತ್ರಿಯ ಆರಾಧನೆ ಮುಗಿದು ಹೊರಬಂದರೆ ಊರೆಲ್ಲ ಕುಡಿದಿರುತ್ತದೆ. ಅವತ್ತು ಒಬ್ಬನನ್ನೇ ಕಳಿಸಬೇಡಿ.

ವರ್ಷ ತುಂಬಿ ಮೊದಲ ಹೊರಗಿನ ಕೂಟ ಒಪ್ಪಿಕೊಂಡಾಗ ಆ ಎರಡು ಗಂಟೆಯನ್ನು ಹಾಡಿನ ಪಟ್ಟಿಯ ಜೊತೆಗೇ ಬರೆದಿಡುತ್ತೇವೆ. ಸಂಜೆ ಆರೂವರೆಗೆ ಊಟ. ಕಾಣಿಕೆ ಕೈಗೆ ಬೇಡ, ಮನೆಯವಳ ಫೋನಿಗೆ ಹಾಕಲಿ ಎಂದು ಕೂಟದವರಿಗೆ ಮೊದಲೇ ಹೇಳಿರುತ್ತೇವೆ. ಕುಡಿಯದವನೊಬ್ಬ ಬೈಕಿನಲ್ಲಿ ಕರೆದುಕೊಂಡು ಹೋಗಿ, ಅವನೇ ವಾಪಸ್ ಕರೆತರಬೇಕು, ಎಂಆರ್‌ಪಿ ಮದ್ಯದಂಗಡಿಗಳಿಲ್ಲದ ದಾರಿ ಹಿಡಿದು. ಕೊನೆಯ ಪ್ರಾರ್ಥನೆಗೆ 'ಆಮೆನ್' ಅಂದ ಕೂಡಲೇ ಹೊರಡಬೇಕು, ವೈರು ಸುತ್ತುವುದು ಹುಡುಗರ ಕೆಲಸ. ಮನೆಗೆ ಬಂದು ಬಿಸಿನೀರಿನಲ್ಲಿ ಕಾಲು ತೊಳೆದು, ಐದು ನಿಮಿಷ ಕೆಳಗಿನ ಸ್ವರದಲ್ಲಿ ಗುನುಗಿದರೆ ಕಾದ ಗಂಟಲೂ ಕಾದ ತಲೆಯೂ ಒಟ್ಟಿಗೆ ಇಳಿಯುತ್ತವೆ. ಒಂದು ಬಾಳೆಹಣ್ಣು, ಒಂದು ಲೋಟ ನೀರು. ಹನ್ನೊಂದೂವರೆ ಹೊತ್ತಿಗೆ 'ಮಲಗಿದ್ರು' ಅಂತ ಮನೆಯಿಂದ ಮೆಸೇಜು ಬರುತ್ತದೆ. ಅದು ಬಂದ ಮೇಲೇ ಬೈಕಿನವನು ತನ್ನ ಮನೆಯಲ್ಲಿ ಲೈಟು ಆರಿಸುವುದು.